ಟರ್ಮಿನಲ್‌ನಲ್ಲಿ ಫೈಲ್ ಹೆಸರಿಗೆ ಬಣ್ಣ ಹಾಕೋಕೆ ಲೈಬ್ರರಿ ಬೇಕಾ?

ಪ್ರಶ್ನೆ: ಪೈಥಾನ್‌ನಲ್ಲಿ ಒಂದು ಸಣ್ಣ ಟೂಲ್ ಬರೆದಿದ್ದೇನೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಪಟ್ಟಿ ಮಾಡಿ, ಎಕ್ಸ್‌ಟೆನ್ಶನ್ ನೋಡಿ ಬಣ್ಣ ಹಾಕುತ್ತದೆ. ಬಣ್ಣಗಳನ್ನು ನಾನೇ ಆರಿಸಿ ಒಂದು ಡಿಕ್ಷನರಿಯಲ್ಲಿ ಇಟ್ಟಿದ್ದೇನೆ. ನನ್ನ ಸಹೋದ್ಯೋಗಿ ನೋಡಿ, "ಇದನ್ನೆಲ್ಲ ಕೈಯಲ್ಲಿ ಬರೆಯಬೇಡ, ಎಲ್‌ಎಸ್_ಕಲರ್ಸ್ ಓದುವ ಲೈಬ್ರರಿ ಬಳಸು" ಅಂದರು. ಇಷ್ಟು ಸಣ್ಣ ಕೆಲಸಕ್ಕೆ ಲೈಬ್ರರಿ ಬೇಕಾ? ಇನ್ನೂ ಎರಡು ತೊಂದರೆ ಇದೆ. ಔಟ್‌ಪುಟ್ ಅನ್ನು ಫೈಲ್‌ಗೆ ಕಳಿಸಿದರೆ ಏನೇನೋ ಚಿಹ್ನೆ ಬರುತ್ತವೆ. ಬಣ್ಣ ಹಾಕಿದ ಮೇಲೆ ಕಾಲಂಗಳು ಸೊಟ್ಟಗಾಗಿವೆ.

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಆದರೆ ಕೋಡ್ ಕಡಿಮೆ ಆಗುತ್ತೆ ಅನ್ನೋದು ಅದಕ್ಕೆ ಮುಖ್ಯ ಕಾರಣ ಅಲ್ಲ. ಯಾವ ಫೈಲ್ ಯಾವ ಬಣ್ಣದಲ್ಲಿ ಕಾಣಬೇಕು ಅಂತ ನಿಮ್ಮ ಟೂಲ್ ಬಳಸುವವರು ಮೊದಲೇ ತಮ್ಮ ಕಂಪ್ಯೂಟರ್‌ಗೆ ಹೇಳಿಟ್ಟಿರುತ್ತಾರೆ. ಅವರೇ ಹೇಳಿಲ್ಲದಿದ್ದರೆ ಅವರ ಲಿನಕ್ಸ್ ಡಿಸ್ಟ್ರಿಬ್ಯೂಶನ್ ಹೇಳಿರುತ್ತದೆ. ನಿಮ್ಮ ಡಿಕ್ಷನರಿ ಆ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ಎಲ್‌ಎಸ್ (ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟಾಗ ನೀಲಿಯಾಗಿ ಕಾಣುವ ಫೋಲ್ಡರ್ ನಿಮ್ಮ ಟೂಲ್‌ನಲ್ಲಿ ಹಳದಿಯಾಗಿ ಕಂಡರೆ, ನೋಡುವವರ ಕಣ್ಣು ಪ್ರತಿ ಸಲ ಒಂದು ಕ್ಷಣ ತಡವರಿಸುತ್ತದೆ. ಇಂಥ ಲೈಬ್ರರಿಯ ಕೆಲಸ ಬಣ್ಣ ಆರಿಸೋದಲ್ಲ. ಬಳಕೆದಾರರು ಆರಿಸಿಟ್ಟಿರುವ ಬಣ್ಣವನ್ನು ಸರಿಯಾದ ಫೈಲ್‌ಗೆ ಹೊಂದಿಸೋದು.

ಆ ಆಯ್ಕೆ ಎಲ್ಲಿರುತ್ತದೆ ಅಂತ ಮೊದಲು ನೋಡೋಣ.

ಎಲ್‌ಎಸ್_ಕಲರ್ಸ್ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಂಗಳು ಓದಿಕೊಳ್ಳಲಿ ಅಂತ ಶೆಲ್‌ನಲ್ಲಿ ಇಟ್ಟಿರುವ ಒಂದು ಮೌಲ್ಯ. ಗ್ನೂ ಎಲ್‌ಎಸ್ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಎಲ್‌ಎಸ್) ಅದನ್ನು ಓದಿ ಬಣ್ಣ ತೀರ್ಮಾನಿಸುತ್ತದೆ. ಎಚ್. ಪೀಟರ್ ಆನ್ವಿನ್ ಬರೆದ ಡಿರ್‌ಕಲರ್ಸ್ ಅನ್ನೋ ಪುಟ್ಟ ಪ್ರೋಗ್ರಾಂ ಅದನ್ನು ತಯಾರು ಮಾಡಿಕೊಡುತ್ತದೆ. ಲಿನಕ್ಸ್‌ನಲ್ಲಿ ಆ ವೇರಿಯಬಲ್ ಅನ್ನು ಎಕೋ ಮಾಡಿ ನೋಡಿ, ಪರದೆ ತುಂಬ ಒಂದು ಉದ್ದದ ಸಾಲು ಬರುತ್ತೆ. ನೋಡೋಕೆ ಗಾಬರಿ ಆಗುವ ಹಾಗಿದ್ದರೂ ಒಳಗಿನ ರಚನೆ ಸರಳ. ಕೋಲನ್‌ನಿಂದ ಬೇರೆ ಮಾಡಿದ ತುಂಡುಗಳು. ಪ್ರತಿ ತುಂಡಿನಲ್ಲೂ ನಡುವೆ ಸಮ ಚಿಹ್ನೆ, ಅದರ ಎಡಕ್ಕೆ ಯಾವ ಬಗೆಯ ಫೈಲ್ ಅಂತ, ಬಲಕ್ಕೆ ಯಾವ ಬಣ್ಣ ಅಂತ.

ಎಡಗಡೆ ಎರಡು ಥರದ ಕೀ ಬರಬಹುದು. ಒಂದು, ಎರಡಕ್ಷರದ ಗುರುತು: ಡಿಐ ಅಂದರೆ ಡೈರೆಕ್ಟರಿ, ಎಲ್‌ಎನ್ ಅಂದರೆ ಸಿಂಬಾಲಿಕ್ ಲಿಂಕ್ (ಇನ್ನೊಂದು ಫೈಲ್ ಅಥವಾ ಫೋಲ್ಡರ್‌ನತ್ತ ತೋರಿಸುವ ಫೈಲ್), ಇಎಕ್ಸ್ ಅಂದರೆ ಓಡಿಸಬಹುದಾದ ಫೈಲ್. ಇನ್ನೊಂದು, ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಬಾಲ: *.ಟಾರ್, *.ಜೆಪಿಜಿ ಇತ್ಯಾದಿ. ಬಲಗಡೆ ಇರೋದು ಸಂಖ್ಯೆಗಳು. ಡೈರೆಕ್ಟರಿಗೆ ಸಾಮಾನ್ಯವಾಗಿ 01;34 ಅಂತ ಇರುತ್ತದೆ. 01 ಅಂದರೆ ದಪ್ಪ, 34 ಅಂದರೆ ನೀಲಿ. 30ರಿಂದ 37 ಅಕ್ಷರದ ಬಣ್ಣ, 40ರಿಂದ 47 ಹಿನ್ನೆಲೆಯ ಬಣ್ಣ, 90ರಿಂದ 97 ಹೊಳೆಯುವ ಅಕ್ಷರದ ಬಣ್ಣ. 38;5 ಆದ ಮೇಲೆ ಒಂದು ಸಂಖ್ಯೆ ಬಂದರೆ 256 ಬಣ್ಣಗಳ ಪಟ್ಟಿಯಿಂದ ಒಂದು. 38;2 ಆದ ಮೇಲೆ ಮೂರು ಸಂಖ್ಯೆ ಬಂದರೆ ಕೆಂಪು, ಹಸಿರು, ನೀಲಿಯ ನೇರ ಪ್ರಮಾಣ.

ಈ ವೇರಿಯಬಲ್ ಅನ್ನು ಎಲ್‌ಎಸ್ ಒಂದೇ ಓದೋದಲ್ಲ. ಟ್ರೀ ಓದುತ್ತದೆ, ಎಫ್‌ಡಿ ಓದುತ್ತದೆ, ಈಜಾ ಮತ್ತು ಎಲ್‌ಎಸ್‌ಡಿ ಓದುತ್ತವೆ. ಜೆಡ್‌ಶೆಲ್‌ನಲ್ಲಿ ಟ್ಯಾಬ್ ಒತ್ತಿದಾಗ ಬರುವ ಪಟ್ಟಿಗೂ ಇದೇ ಬಣ್ಣ ಕೊಡಬಹುದು. ಅಂದರೆ ಇದು ಹತ್ತಾರು ಟೂಲ್‌ಗಳು ಒಪ್ಪಿಕೊಂಡಿರುವ ಒಂದು ಪದ್ಧತಿ. ನಿಮ್ಮ ಟೂಲ್ ಇದರ ಹೊರಗೆ ನಿಲ್ಲೋದು ಬೇಡ ಅನ್ನೋದೇ ನನ್ನ ಕಳಕಳಿ.

ಮ್ಯಾಕ್ ಮತ್ತು ಬಿಎಸ್‌ಡಿಗಳಲ್ಲಿ ಕಥೆ ಬೇರೆ. ಅಲ್ಲಿಯ ಎಲ್‌ಎಸ್ ಓದುವ ವೇರಿಯಬಲ್ ಹೆಸರಿನಲ್ಲಿ ನಡುವಿನ ಅಡಿಗೆರೆ ಇಲ್ಲ, ಎಲ್‌ಎಸ್‌ಕಲರ್ಸ್ ಅಂತ ಒಂದೇ ಪದ. ಅದರ ಒಳಗಿರೋದು ಸಾಮಾನ್ಯವಾಗಿ 22 ಅಕ್ಷರ, ಅಂದರೆ 11 ಜೋಡಿ. ಪ್ರತಿ ಜೋಡಿಯಲ್ಲಿ ಮೊದಲನೆಯದು ಅಕ್ಷರದ ಬಣ್ಣ, ಎರಡನೆಯದು ಹಿನ್ನೆಲೆ. ಎಕ್ಸ್‌ಟೆನ್ಶನ್‌ಗೆ ಅಲ್ಲಿ ಜಾಗವೇ ಇಲ್ಲ. ಹೆಸರು ಹತ್ತಿರ ಹತ್ತಿರ ಇರೋದರಿಂದ ಒಂದಕ್ಕೆ ಇನ್ನೊಂದರ ಮೌಲ್ಯ ಕೊಟ್ಟು ಬಣ್ಣ ಬರ್ತಿಲ್ಲ ಅಂತ ಒದ್ದಾಡುವವರು ಬಹಳ ಜನ. ನಿಮ್ಮ ಟೂಲ್ ಅಡಿಗೆರೆ ಇರುವುದನ್ನು ಮಾತ್ರ ಓದಿದರೆ ಸಾಕು. ಅದು ಇಲ್ಲದಿದ್ದರೆ ಒಳಗೇ ಇಟ್ಟುಕೊಂಡ ಸಾಮಾನ್ಯ ಬಣ್ಣಗಳನ್ನು ಬಳಸಿ. ಗ್ನೂ ಎಲ್‌ಎಸ್ ಕೂಡ ಹಾಗೇ ಮಾಡುತ್ತದೆ.

ಈಗ ನಿಮ್ಮ ಡಿಕ್ಷನರಿ ನಿಜವಾಗಿ ಎಲ್ಲಿ ಎಡವುತ್ತದೆ ಅನ್ನೋ ವಿಷಯ. ನೀವು ಎಕ್ಸ್‌ಟೆನ್ಶನ್ ನೋಡಿ ಬಣ್ಣ ಹಾಕುತ್ತಿದ್ದೀರಿ. ಎಲ್‌ಎಸ್ ಎಕ್ಸ್‌ಟೆನ್ಶನ್ ನೋಡೋದು ಎಲ್ಲಕ್ಕಿಂತ ಕೊನೆಗೆ! ಮೊದಲು ಅದು ಕೇಳೋದು, ಇದು ಯಾವ ಬಗೆಯ ಫೈಲ್ ಅಂತ. ಡೈರೆಕ್ಟರಿಯಾ, ಲಿಂಕಾ, ಪೈಪಾ, ಸಾಕೆಟ್ಟಾ, ಡಿವೈಸಾ? ಮಾಮೂಲಿ ಫೈಲ್ ಆದರೆ ಮುಂದಿನ ಪ್ರಶ್ನೆಗಳು ಬರುತ್ತವೆ. ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಫೈಲ್‌ನ ಮಾಲೀಕರ ಅಧಿಕಾರದಲ್ಲಿ ಓಡಲಿ ಅನ್ನೋ ಗುರುತು) ಇದೆಯಾ? ಗುಂಪಿನ ಅಧಿಕಾರಕ್ಕೆ ಅಂಥದೇ ಗುರುತಾದ ಸೆಟ್‌ಜಿಐಡಿ ಇದೆಯಾ? ಕೇಪಬಿಲಿಟಿ (ರೂಟ್ ಅಧಿಕಾರದ ಒಂದು ತುಣುಕು) ಇದೆಯಾ? ಓಡಿಸೋಕೆ ಅನುಮತಿ ಇದೆಯಾ? ಒಂದಕ್ಕಿಂತ ಜಾಸ್ತಿ ಹಾರ್ಡ್ ಲಿಂಕ್ (ಅದೇ ಫೈಲ್‌ಗೆ ಇರುವ ಹೆಸರು) ಇದೆಯಾ? ಹೊಂದಿಕೆಯಾಗಿ ಬಣ್ಣವೂ ಇರುವ ಮೊದಲ ಉತ್ತರವೇ ಗೆಲ್ಲುತ್ತದೆ. ಇವ್ಯಾವುದೂ ಅಲ್ಲ ಅಂತಾದಾಗ ಮಾತ್ರ ಹೆಸರಿನ ಬಾಲ ನೋಡುತ್ತದೆ.

ಈ ಕ್ರಮ ಗೊತ್ತಿಲ್ಲದಿದ್ದರೆ ಕೆಲವು ಸಂಗತಿ ಅರ್ಥವೇ ಆಗೋದಿಲ್ಲ. ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಬಳಸಿದವರು ಇದನ್ನು ನೋಡಿಯೇ ಇರುತ್ತಾರೆ. ಸಿ ಡ್ರೈವ್ ಒಳಗೆ ಹೋಗಿ ಎಲ್‌ಎಸ್ ಕೊಟ್ಟರೆ ಫೋಲ್ಡರ್‌ಗಳೆಲ್ಲ ಹಸಿರು ಪಟ್ಟಿಯ ಮೇಲೆ ನೀಲಿ ಅಕ್ಷರ, ಓದೋಕೇ ಕಷ್ಟ. ಚಿತ್ರ, ಜಿಪ್, ಟೆಕ್ಸ್ಟ್ ಫೈಲ್ ಎಲ್ಲವೂ ಒಂದೇ ಹಸಿರು. ಥೀಮ್ ಕೆಟ್ಟಿದೆ ಅಂತ ಎಷ್ಟೋ ಜನ ಥೀಮ್ ಬದಲಾಯಿಸುತ್ತಾ ಕೂರುತ್ತಾರೆ. ಬಣ್ಣದಲ್ಲಿ ತಪ್ಪೇನಿಲ್ಲ, ಕಾರಣ ಅನುಮತಿಯಲ್ಲಿದೆ. ಆ ಡ್ರೈವ್‌ನಲ್ಲಿ ಲಿನಕ್ಸ್‌ನ ಅನುಮತಿಯ ಮಾಹಿತಿ ಇಲ್ಲದ್ದರಿಂದ ಎಲ್ಲಕ್ಕೂ 777 ಅಂತ, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಅಂತ ತೋರಿಸುತ್ತದೆ. ಫೈಲ್‌ಗಳಿಗೆಲ್ಲ ಓಡಿಸುವ ಅನುಮತಿ ಇದೆ ಅಂತಾಯಿತು, ಅದಕ್ಕೇ ಇಎಕ್ಸ್‌ನ ಹಸಿರು. ಎಕ್ಸ್‌ಟೆನ್ಶನ್‌ವರೆಗೆ ವಿಷಯ ಹೋಗೋದೇ ಇಲ್ಲ. ಫೋಲ್ಡರ್‌ಗಳಲ್ಲಿ ಯಾರು ಬೇಕಾದರೂ ಬರೆಯಬಹುದು ಅಂತಾಯಿತು, ಅದಕ್ಕೆ ಒಡಬ್ಲ್ಯೂ ಅನ್ನೋ ಕೀ, ಅದರ ಸಾಮಾನ್ಯ ಬಣ್ಣ 34;42.

ಆ ಹಸಿರು ಪಟ್ಟಿ ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಸರ್ವರ್‌ನಲ್ಲಿ ಒಂದು ಫೋಲ್ಡರ್ ಹಾಗೆ ಕಂಡರೆ, "ಇಲ್ಲಿ ಯಾರು ಬೇಕಾದರೂ ಕೈ ಹಾಕಬಹುದು, ನೋಡಿಕೊಳ್ಳಿ" ಅಂತ ಹೇಳುತ್ತಿದೆ ಅಂತ ಅರ್ಥ. ಸೆಟ್‌ಯುಐಡಿ ಫೈಲ್‌ಗೆ ಕೆಂಪು ಹಿನ್ನೆಲೆ ಇರೋದೂ ಇದೇ ಕಾರಣಕ್ಕೆ. ನಿಮ್ಮ ಡಿಕ್ಷನರಿ ಈ ಎಚ್ಚರಿಕೆಗಳನ್ನೆಲ್ಲ ಒರೆಸಿ ಹಾಕಿ, ಹೆಸರಿನಲ್ಲಿ ಪಿವೈ ಇದೆ ಅಂತ ಹಳದಿ ಹಚ್ಚುತ್ತದೆ. ನನಗೆ ನಿಮ್ಮ ಟೂಲ್‌ನಲ್ಲಿ ದೊಡ್ಡ ಕೊರತೆ ಅನ್ನಿಸಿದ್ದು ಇದೇ.

ಲಿಂಕ್‌ಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಸೂಕ್ಷ್ಮ ಇದೆ. ಪೈಥಾನ್‌ನಲ್ಲಿ ಇದು ಡೈರೆಕ್ಟರಿಯಾ ಅಂತ ಕೇಳುವ ಮಾಮೂಲಿ ಫಂಕ್ಷನ್ ಲಿಂಕ್‌ನ ಹಿಂದೆ ಹೋಗಿ, ಅದು ತೋರಿಸುವ ಜಾಗ ನೋಡಿ ಉತ್ತರ ಕೊಡುತ್ತದೆ. ಹಾಗಾಗಿ ಡೈರೆಕ್ಟರಿಗೆ ತೋರಿಸುವ ಲಿಂಕ್ ನಿಮ್ಮಲ್ಲಿ ಡೈರೆಕ್ಟರಿಯೇ ಆಗಿಬಿಡುತ್ತದೆ. ತೋರಿಸುವ ಜಾಗ ಅಳಿಸಿಹೋಗಿದ್ದರೆ, ಡೈರೆಕ್ಟರಿ ಅಲ್ಲ ಅಂತಷ್ಟೇ ಅನ್ನುತ್ತದೆ. ಎಲ್‌ಎಸ್ ಮೊದಲು ಲಿಂಕ್ ಅನ್ನೇ ನೋಡುತ್ತದೆ, ಆಮೇಲೆ ಅದರ ಗುರಿ ಇದೆಯಾ ಅಂತ ನೋಡುತ್ತದೆ. ಗುರಿ ಇಲ್ಲದ ಲಿಂಕ್‌ಗೆ ಓಆರ್ ಅನ್ನೋ ಬೇರೆ ಕೀ ಇದೆ, ಅನಾಥ ಅಂತ ಅರ್ಥ. ಸಾಮಾನ್ಯವಾಗಿ ಅದು ಕಪ್ಪಿನ ಮೇಲೆ ಕೆಂಪು. ಇನ್ನೊಂದು ವಿಶೇಷ: ಎಲ್‌ಎನ್‌ಗೆ ಸಂಖ್ಯೆಯ ಬದಲು ಟಾರ್ಗೆಟ್ ಅಂತ ಪದ ಕೊಟ್ಟಿದ್ದರೆ, ಲಿಂಕ್‌ಗೆ ಅದರ ಗುರಿಯ ಬಣ್ಣವನ್ನೇ ಹಾಕಬೇಕು. ಕೈಯಲ್ಲಿ ಬರೆದ ಪಾರ್ಸರ್‌ಗಳು (ವೇರಿಯಬಲ್ ಬಿಡಿಸಿ ಓದುವ ಕೋಡ್) ಇಲ್ಲಿ ಆ ಪದವನ್ನೇ ಬಣ್ಣದ ಸಂಖ್ಯೆ ಅಂದುಕೊಂಡು ಪರದೆಗೆ ಕಳಿಸೋದನ್ನು ನಾನು ನೋಡಿದ್ದೇನೆ.

ಹೆಸರಿನ ಬಾಲ ಹೊಂದಿಸೋದರಲ್ಲೂ ಹುಷಾರಾಗಿರಿ. ನಕ್ಷತ್ರದ ಮುಂದಿರೋದು ಎಕ್ಸ್‌ಟೆನ್ಶನ್ ಆಗಿರಲೇಬೇಕು ಅಂತಿಲ್ಲ. *.ಟಾರ್.ಜಿಜೆಡ್ ಬರಬಹುದು, *ರೀಡ್‌ಮಿ ಬರಬಹುದು, ಬರೀ *~ ಕೂಡ ಬರಬಹುದು. ಕೊನೆಯ ಚುಕ್ಕಿಯ ನಂತರದ್ದನ್ನು ಕತ್ತರಿಸಿ ಡಿಕ್ಷನರಿಯಲ್ಲಿ ಹುಡುಕಿದರೆ ಈ ಮೂರೂ ತಪ್ಪಿಹೋಗುತ್ತವೆ. ಹೆಸರು ಇದರಿಂದ ಕೊನೆಯಾಗುತ್ತದಾ ಅಂತಲೇ ಕೇಳಬೇಕು. ಎರಡು ತುಂಡು ಹೊಂದಿದರೆ, ವೇರಿಯಬಲ್‌ನಲ್ಲಿ ಆಮೇಲೆ ಬಂದದ್ದು ಗೆಲ್ಲುತ್ತದೆ. ತನ್ನ ಬಣ್ಣವನ್ನು ಕೊನೆಗೆ ಸೇರಿಸಿದ ಬಳಕೆದಾರ ನಿರೀಕ್ಷಿಸೋದೂ ಅದನ್ನೇ, ಅಲ್ವಾ? ದೊಡ್ಡಕ್ಷರ, ಚಿಕ್ಕಕ್ಷರದ ವಿಷಯ: ಹೊಸ ಗ್ನೂ ಎಲ್‌ಎಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಬಣ್ಣ ಹೇಳಿಲ್ಲದಿದ್ದರೆ ಒಂದೇ ಅಂತ ಲೆಕ್ಕ. ಕ್ಯಾಮೆರಾದಿಂದ ಬರುವ ಜೆಪಿಜಿ ಫೈಲ್‌ಗಳ ಎಕ್ಸ್‌ಟೆನ್ಶನ್ ಎಷ್ಟೋ ಸಲ ದೊಡ್ಡಕ್ಷರದಲ್ಲೇ ಇರುತ್ತದೆ, ಆದ್ದರಿಂದ ಇದನ್ನು ಪಾಲಿಸೋದು ಒಳ್ಳೆಯದು.

ಇನ್ನು ನಿಮ್ಮ ಎರಡನೇ ತೊಂದರೆ, ಫೈಲ್‌ಗೆ ಹೋದ ವಿಚಿತ್ರ ಚಿಹ್ನೆಗಳು.

ಟರ್ಮಿನಲ್‌ಗೆ ಬಣ್ಣ ಅಂತ ಬೇರೆ ದಾರಿ ಇಲ್ಲ. ಅಕ್ಷರಗಳು ಹೋಗುವ ದಾರಿಯಲ್ಲೇ ಬಣ್ಣದ ಆಜ್ಞೆಯೂ ಹೋಗುತ್ತದೆ. ಎಸ್ಕೇಪ್ ಅನ್ನೋ ಕಾಣದ ಅಕ್ಷರ, ಅದರ ಸಂಖ್ಯೆ 27. ಅದಾದ ಮೇಲೆ ಒಂದು ಎಡ ಚೌಕ ಬ್ರಾಕೆಟ್. ಆಮೇಲೆ 01;34. ಕೊನೆಗೆ ಚಿಕ್ಕ ಎಂ ಅಕ್ಷರ. ಇಷ್ಟು ಬಂದರೆ ಇಲ್ಲಿಂದ ಮುಂದೆ ದಪ್ಪ ನೀಲಿ ಅಂತ ಟರ್ಮಿನಲ್ ತಿಳಿದುಕೊಳ್ಳುತ್ತದೆ. ಹೆಸರು ಮುಗಿದ ಮೇಲೆ ಅದೇ ರೀತಿ 0 ಕಳಿಸಿದರೆ ಮೊದಲಿನ ಸ್ಥಿತಿ. ಎಲ್‌ಎಸ್‌ಗೆ ಬಣ್ಣ ಯಾವಾಗಲೂ ಇರಲಿ ಅನ್ನೋ ಆಯ್ಕೆ ಕೊಟ್ಟು, ಔಟ್‌ಪುಟ್ ಅನ್ನು ಕ್ಯಾಟ್ ಕಮಾಂಡ್‌ನ ಮೈನಸ್ ವಿ (ಕಾಣದ ಅಕ್ಷರಗಳನ್ನು ತೋರಿಸುವ) ಆಯ್ಕೆಗೆ ಪೈಪ್ ಮಾಡಿ ನೋಡಿ. ಎಸ್ಕೇಪ್ ಇರುವಲ್ಲೆಲ್ಲ ^[ ಅಂತ ಕಾಣುತ್ತದೆ. ಬಣ್ಣದ ಕೋಡ್ ಬರೆಯುವವರಿಗೆ ಇದಕ್ಕಿಂತ ಉಪಯೋಗದ ಕಮಾಂಡ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಫೈಲ್‌ಗೆ ಕಳಿಸಿದಾಗ ಈ ಆಜ್ಞೆಗಳನ್ನು ಅರ್ಥ ಮಾಡಿಕೊಳ್ಳುವವರು ಯಾರೂ ಇಲ್ಲ. ಅವು ಹಾಗೇ ಅಕ್ಷರಗಳಾಗಿ ಉಳಿಯುತ್ತವೆ. ಬರೀ ಅಸಹ್ಯವಾಗಿ ಕಾಣೋದಾದರೆ ಪರವಾಗಿಲ್ಲ ಅನ್ನಬಹುದಿತ್ತು. ಆದರೆ ಅದರಿಂದ ಕೆಲಸವೇ ನಿಲ್ಲಬಹುದು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಸರ್ವರ್‌ನಲ್ಲಿ ಎಲ್‌ಎಸ್‌ಗೆ ಬಣ್ಣ ಯಾವಾಗಲೂ ಇರುವಂತೆ ಅಲಿಯಾಸ್ ಇಟ್ಟಿದ್ದರು. ಎಲ್‌ಎಸ್ ಕೊಟ್ಟ ಹೆಸರುಗಳ ಮೇಲೆ ಪ್ರಾಂಪ್ಟ್‌ನಲ್ಲೇ ಒಂದು ಲೂಪ್ ಓಡಿಸಿ ಹಳೇ ಬ್ಯಾಕಪ್‌ಗಳನ್ನು ಬೇರೆ ಕಡೆ ಸಾಗಿಸಬೇಕಿತ್ತು. ಪ್ರತಿಯೊಂದಕ್ಕೂ "ಅಂಥ ಫೈಲ್ ಇಲ್ಲ" ಅಂತ ಉತ್ತರ. ಆ ಎರರ್‌ನಲ್ಲಿ ಕಾಣುತ್ತಿದ್ದ ಹೆಸರಿಗೂ ಫೋಲ್ಡರ್‌ನಲ್ಲಿದ್ದ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇಲ್ಲ. ಅರ್ಧ ದಿನ ಅನುಮತಿ, ಡಿಸ್ಕ್, ಮೌಂಟ್ ಎಲ್ಲ ಪರೀಕ್ಷೆ ಮಾಡಿದೆ. ಕೊನೆಗೆ ಕ್ಯಾಟ್ ಮೈನಸ್ ವಿ ಹಾಕಿದಾಗ ಗೊತ್ತಾಯಿತು, ಹೆಸರಿನ ಹಿಂದೆ ಮುಂದೆ ಬಣ್ಣದ ಕೋಡ್ ಅಂಟಿಕೊಂಡಿತ್ತು. ಅದು ಪರದೆಗೆ ಬಂದಾಗ ಟರ್ಮಿನಲ್ ಅದನ್ನು ನುಂಗಿ ಬಣ್ಣ ತೋರಿಸುತ್ತದೆ, ನಮ್ಮ ಕಣ್ಣಿಗೆ ಬೀಳೋದಿಲ್ಲ. ಎಲ್‌ಎಸ್ ಔಟ್‌ಪುಟ್ ಮೇಲೆ ಲೂಪ್ ಓಡಿಸೋದೇ ಒಳ್ಳೆ ಅಭ್ಯಾಸ ಅಲ್ಲ, ಅದು ಬೇರೆ ಮಾತು. ಆದರೆ ನಿಮ್ಮ ಟೂಲ್‌ನ ಔಟ್‌ಪುಟ್ ಅನ್ನೂ ಯಾರೋ ಹೀಗೇ ಬಳಸುತ್ತಾರೆ.

ಪರಿಹಾರ ಸರಳ. ಸ್ಟ್ಯಾಂಡರ್ಡ್ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯಾ ಅಂತ ಕೇಳಿ. ಪೈಥಾನ್‌ನಲ್ಲಿ ಅದಕ್ಕೆ ಈಸ್‌ಎಟಿಟಿವೈ ಅನ್ನೋ ಮೆಥಡ್ ಇದೆ. ಹೌದು ಅಂದರೆ ಬಣ್ಣ, ಇಲ್ಲ ಅಂದರೆ ಬರೀ ಹೆಸರು. ಇದರ ಮೇಲೆ ಇನ್ನೆರಡು ಸೇರಿಸಿ. ನೋ_ಕಲರ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಇದ್ದು, ಅದು ಖಾಲಿ ಅಲ್ಲದಿದ್ದರೆ ಬಣ್ಣ ಬೇಡ. 2017ರಲ್ಲಿ ಶುರುವಾದ ಈ ಪದ್ಧತಿಯನ್ನು ಈಗ ಬಹಳ ಟೂಲ್‌ಗಳು ಪಾಲಿಸುತ್ತವೆ. ಟರ್ಮ್ ವೇರಿಯಬಲ್‌ನಲ್ಲಿ ಡಂಬ್ (ಬಣ್ಣದ ಆಜ್ಞೆ ಅರ್ಥವಾಗದ ಟರ್ಮಿನಲ್) ಅಂತಿದ್ದರೂ ಬೇಡ. ಎಲ್ಲಕ್ಕಿಂತ ಮೇಲೆ ಕಮಾಂಡ್ ಲೈನ್‌ನಲ್ಲಿ ಯಾವಾಗಲೂ, ಎಂದಿಗೂ ಬೇಡ, ಆಟೋ ಅನ್ನೋ ಮೂರು ಆಯ್ಕೆ ಕೊಡಿ. ಬಳಕೆದಾರರು ಅಲ್ಲಿ ಬರೆದದ್ದೇ ಅಂತಿಮ. ಪುಟ ಪುಟವಾಗಿ ಓದಿಸುವ ಲೆಸ್ ಕಮಾಂಡ್‌ಗೆ ಮೈನಸ್ ದೊಡ್ಡ ಆರ್ ಕೊಟ್ಟು ಬಣ್ಣದಲ್ಲೇ ಓದಬೇಕು ಅನ್ನುವವರಿಗೆ ಯಾವಾಗಲೂ ಅನ್ನೋ ಆಯ್ಕೆ ಬೇಕೇ ಬೇಕು.

ಮೂರನೆಯದು, ಸೊಟ್ಟಗಾದ ಕಾಲಂ. ಇದನ್ನು ಒಂದು ಹೆಸರು ಇಟ್ಟುಕೊಂಡು ಲೆಕ್ಕ ಹಾಕಿಯೇ ನೋಡೋಣ. ಡಾಕ್ಸ್ ಅನ್ನೋ ಫೋಲ್ಡರ್, ಇಂಗ್ಲಿಷ್‌ನಲ್ಲಿ ನಾಲ್ಕು ಅಕ್ಷರ. ಮುಂದೆ ಬಣ್ಣದ ಕೋಡ್: ಎಸ್ಕೇಪ್, ಬ್ರಾಕೆಟ್, 0, 1, ಸೆಮಿಕೋಲನ್, 3, 4, ಎಂ. ಒಟ್ಟು 8. ಹಿಂದೆ ಮರುಸ್ಥಿತಿಯ ಕೋಡ್ 4. ಎಲ್ಲ ಸೇರಿ 16 ಅಕ್ಷರದ ಸ್ಟ್ರಿಂಗ್. ಇದನ್ನು 20 ಅಗಲಕ್ಕೆ ತುಂಬಿಸು ಅಂತ ಪೈಥಾನ್‌ನ ಎಲ್‌ಜಸ್ಟ್ ಮೆಥಡ್‌ಗೆ ಹೇಳಿದರೆ ಅದು ನಾಲ್ಕೇ ಜಾಗ ಸೇರಿಸುತ್ತದೆ. ಪರದೆಯ ಮೇಲೆ ಕಾಣೋದು 4 ಅಕ್ಷರ, 4 ಖಾಲಿ, ಅಂದರೆ 8 ಕಾಲಂ. ಕೆಳಗಿನ ಸಾಲಿನಲ್ಲಿ ಬಣ್ಣ ಇಲ್ಲದ ಫೈಲ್ ಪೂರ್ತಿ 20 ಕಾಲಂ ಹಿಡಿದಿರುತ್ತದೆ. ನಿಮ್ಮ ಪಟ್ಟಿ 12 ಕಾಲಂ ಜಾರಿದ್ದು ಹೀಗೆ. ಮೊದಲು ಬರೀ ಹೆಸರಿನ ಅಗಲ ಅಳೆದು ಎಷ್ಟು ಜಾಗ ಬಿಡಬೇಕು ಅಂತ ಲೆಕ್ಕ ಮಾಡಿ. ಆಮೇಲೆ ಹೆಸರಿಗೆ ಮಾತ್ರ ಬಣ್ಣ ಹಾಕಿ. ಜಾಗಗಳನ್ನು ಬಣ್ಣದ ಹೊರಗೆ ಸೇರಿಸಿ, ಒಳಗೆ ಸೇರಿಸಿದರೆ ಹಿನ್ನೆಲೆ ಬಣ್ಣ ಖಾಲಿ ಜಾಗಕ್ಕೂ ಹರಡುತ್ತದೆ.

ಹೆಸರಿನ ಅಗಲ ಅಂದರೆ ಅಕ್ಷರಗಳ ಎಣಿಕೆ ಅಂದುಕೊಳ್ಳಬೇಡಿ. ಇಂಗ್ಲಿಷ್‌ಗೆ ನಡೆಯುತ್ತದೆ, ನಮ್ಮ ಲಿಪಿಗೆ ನಡೆಯೋದಿಲ್ಲ. ಕನ್ನಡ ಅನ್ನೋ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಪೈಥಾನ್‌ನ ಲೆನ್ ಕೇಳಿದರೆ 5 ಅನ್ನುತ್ತದೆ, ಯಾಕೆಂದರೆ ಒತ್ತಕ್ಷರದಲ್ಲಿ ನ, ಹಲಂತ, ನ ಅಂತ ಮೂರು ಸಂಕೇತ ಇವೆ. ಯುಟಿಎಫ್-8 ಬೈಟ್ ಎಣಿಸಿದರೆ 15. ಟರ್ಮಿನಲ್‌ನಲ್ಲಿ ಅದು ಎಷ್ಟು ಕಾಲಂ ಹಿಡಿಯುತ್ತದೆ ಅನ್ನೋದು ಇನ್ನೊಂದೇ ಲೆಕ್ಕ. ಡಬ್ಲ್ಯೂಸಿವಿಡ್ತ್ ಅನ್ನೋ ಫಂಕ್ಷನ್ ಇರೋದು ಇದಕ್ಕಾಗಿಯೇ, ಪೈಥಾನ್‌ನಲ್ಲೂ ಅದೇ ಹೆಸರಿನ ಪ್ಯಾಕೇಜ್ ಇದೆ. ಅದು ಹಲಂತಕ್ಕೆ ಸೊನ್ನೆ ಅಗಲ, ಚೀನೀ ಅಕ್ಷರಕ್ಕೆ ಎರಡು ಕಾಲಂ, ಹೀಗೆ ಲೆಕ್ಕ ಇಟ್ಟಿರುತ್ತದೆ. ಒತ್ತಕ್ಷರ ಜೋಡಿಸುವ ವಿಷಯದಲ್ಲಿ ಟರ್ಮಿನಲ್‌ಗಳು ಒಂದೊಂದು ಒಂದೊಂದು ರೀತಿ ನಡೆದುಕೊಳ್ಳುತ್ತವೆ, ಹಾಗಾಗಿ ಕನ್ನಡ ಹೆಸರಿನ ಸಾಲು ಒಂದು ಕಾಲಂ ಆಚೀಚೆ ಆಗಬಹುದು. ಲೆನ್‌ಗಿಂತ ಮಾತ್ರ ಎಷ್ಟೋ ಪಾಲು ವಾಸಿ.

ನೀವು ಕೇಳಿರದ, ಆದರೆ ನಾನು ಬಿಡಲಾರದ ಒಂದು ವಿಷಯ ಇದೆ. ಯುನಿಕ್ಸ್‌ನಲ್ಲಿ ಫೈಲ್ ಹೆಸರಿನೊಳಗೆ ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬಿಟ್ಟು ಏನು ಬೇಕಾದರೂ ಇರಬಹುದು. ಎಸ್ಕೇಪ್ ಅಕ್ಷರವೂ ಇರಬಹುದು. ಅಂದರೆ ಯಾರೋ ಕೊಟ್ಟ ಜಿಪ್ ಬಿಚ್ಚಿದಾಗ ಬಂದ ಒಂದು ಹೆಸರು ನಿಮ್ಮ ಟರ್ಮಿನಲ್‌ಗೆ ಆಜ್ಞೆ ಕೊಡಬಹುದು: ಬಣ್ಣ ಬದಲಿಸು, ಪರದೆ ಅಳಿಸು, ವಿಂಡೋದ ಶೀರ್ಷಿಕೆ ಬದಲಿಸು. ತನ್ನ ಮೇಲಿನ ಸಾಲನ್ನು ಅಳಿಸಿ ಬೇರೆ ಹೆಸರು ತೋರಿಸಲೂಬಹುದು. ಅದಕ್ಕೇ ಗ್ನೂ ಎಲ್‌ಎಸ್ ಟರ್ಮಿನಲ್‌ಗೆ ಬರೆಯುವಾಗ ಅಂಥ ಅಕ್ಷರಗಳನ್ನು ಹಾಗೇ ಬಿಡೋದಿಲ್ಲ, ಕೋಟ್ ಹಾಕಿ ಸಂಖ್ಯೆಯ ರೂಪದಲ್ಲಿ ತೋರಿಸುತ್ತದೆ. ನಿಮ್ಮ ಟೂಲ್ ಕೂಡ ಹೆಸರಿನಲ್ಲಿರುವ ಕಂಟ್ರೋಲ್ ಅಕ್ಷರಗಳನ್ನು ಕಡೇಪಕ್ಷ ಪ್ರಶ್ನಾರ್ಥಕ ಚಿಹ್ನೆಗೆ ಬದಲಾಯಿಸಲಿ. ಅದು ಬಣ್ಣ ಹಾಕುವ ಮೊದಲೇ ಆಗಬೇಕು, ಇಲ್ಲದಿದ್ದರೆ ನಿಮ್ಮದೇ ಬಣ್ಣದ ಕೋಡ್‌ಗಳೂ ಪ್ರಶ್ನಾರ್ಥಕ ಆಗಿಬಿಡುತ್ತವೆ.

ವೇಗದ ಬಗ್ಗೆ ಸ್ವಲ್ಪ. ಡೈರೆಕ್ಟರಿ ಓದಿದಾಗಲೇ ಹೆಸರಿನ ಜೊತೆ ಬಗೆಯೂ ಬಹಳ ಕಡೆ ಸಿಗುತ್ತದೆ. ಪೈಥಾನ್ 3.5ರಿಂದ ಇರುವ ಸ್ಕ್ಯಾನ್‌ಡಿರ್ ಅದನ್ನು ಉಳಿಸಿಕೊಂಡು ಕೊಡುತ್ತದೆ, ಲಿಸ್ಟ್‌ಡಿರ್ ಬದಲು ಅದನ್ನೇ ಬಳಸಿ. ಓಡಿಸುವ ಅನುಮತಿ, ಸೆಟ್‌ಯುಐಡಿ ಇವೆಲ್ಲ ಗೊತ್ತಾಗಬೇಕಾದರೆ ಪ್ರತಿ ಫೈಲ್‌ಗೂ ಸ್ಟ್ಯಾಟ್ ಕರೆ (ಫೈಲ್‌ನ ವಿವರ ಕೇಳುವ ಕರೆ) ಬೇಕು. ನೆಟ್‌ವರ್ಕ್ ಮೇಲಿನ ಡಿಸ್ಕ್‌ನಲ್ಲಿ ಸಾವಿರಾರು ಫೈಲ್ ಇದ್ದರೆ ಇದು ಎದ್ದು ಕಾಣುವಷ್ಟು ನಿಧಾನ ಮಾಡುತ್ತದೆ. ಕೇಪಬಿಲಿಟಿ ನೋಡೋದು ಇನ್ನೂ ದುಬಾರಿ, ಡಿರ್‌ಕಲರ್ಸ್‌ನ ಸಾಮಾನ್ಯ ಪಟ್ಟಿಯಲ್ಲಿ ಈಗ ಅದಕ್ಕೆ 00 ಅಂತಲೇ ಇಟ್ಟಿದ್ದಾರೆ. ಇಲ್ಲೊಂದು ಜಾಣತನ ಇದೆ: ಒಂದು ಕೀಗೆ 0 ಅಥವಾ 00 ಅಂತಿದ್ದರೆ ಅದಕ್ಕೆ ಬಣ್ಣ ಇಲ್ಲ ಅಂತ ಅರ್ಥ, ಆದ್ದರಿಂದ ಆ ಪ್ರಶ್ನೆಯನ್ನೇ ಕೇಳಬೇಕಾಗಿಲ್ಲ. ಬಳಕೆದಾರರು ಬಣ್ಣ ಕೇಳದ ವಿಷಯಕ್ಕೆ ಡಿಸ್ಕ್ ತಟ್ಟಬೇಡಿ.

ಹಾಗಾದರೆ ಯಾವ ಲೈಬ್ರರಿ? ರಸ್ಟ್‌ನಲ್ಲಿ ಬರೆಯುವವರಿಗೆ ಎಲ್‌ಎಸ್‌ಕಲರ್ಸ್ ಅನ್ನೋ ಕ್ರೇಟ್ (ರಸ್ಟ್‌ನಲ್ಲಿ ಲೈಬ್ರರಿಗೆ ಇರುವ ಹೆಸರು) ಇದೆ. ಎಫ್‌ಡಿ ಬರೆದವರೇ ಬರೆದದ್ದು, ಎಫ್‌ಡಿ ಒಳಗೂ ಅದೇ ಇದೆ. ಎನ್ವಿರಾನ್‌ಮೆಂಟ್‌ನಿಂದ ಓದುವ ಒಂದು ಫಂಕ್ಷನ್, ಪಾತ್ ಕೊಟ್ಟರೆ ಸ್ಟೈಲ್ ಕೊಡುವ ಇನ್ನೊಂದು. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು, ಒಂದು ಪಾತ್‌ನ ಒಂದೊಂದು ಭಾಗಕ್ಕೂ ಬೇರೆ ಸ್ಟೈಲ್ ಕೊಡುವ ಸೌಕರ್ಯ. ಉದ್ದದ ಪಾತ್‌ನಲ್ಲಿ ಫೋಲ್ಡರ್‌ಗಳು ಫೋಲ್ಡರ್ ಬಣ್ಣದಲ್ಲಿ, ಕೊನೆಯ ಹೆಸರು ಅದರದ್ದೇ ಬಣ್ಣದಲ್ಲಿ ಬರುತ್ತದೆ. ಪರ್ಲ್‌ನಲ್ಲಿ ಫೈಲ್ ಎಲ್‌ಎಸ್‌ಕಲರ್ ಅನ್ನೋ ಮಾಡ್ಯೂಲ್ ಇದೆ, ಹೆಸರುಗಳ ಪಟ್ಟಿ ಕೊಟ್ಟರೆ ಬಣ್ಣ ಹಾಕಿ ವಾಪಸ್ ಕೊಡುತ್ತದೆ.

ಪೈಥಾನ್‌ನಲ್ಲಿ ರಿಚ್, ಕಲೊರಮಾ ಇವೆಲ್ಲ ಒಳ್ಳೆಯ ಲೈಬ್ರರಿಗಳು. ಆದರೆ ಅವು ಬಣ್ಣದ ಡಬ್ಬಿ ಕೊಡುತ್ತವೆ, ಯಾವ ಫೈಲ್‌ಗೆ ಯಾವ ಬಣ್ಣ ಅಂತ ಎಲ್‌ಎಸ್_ಕಲರ್ಸ್ ನೋಡಿ ಹೇಳೋದು ಅವುಗಳ ಕೆಲಸ ಅಲ್ಲ. ಹಾಗಾಗಿ ನೀವು ಪೈಥಾನ್‌ನಲ್ಲೇ ಇರಬೇಕು ಅಂದರೆ, ಪ್ಯಾಕೇಜ್ ಹುಡುಕುವಾಗ ಎರಡು ಪರೀಕ್ಷೆ ಮಾಡಿ. ಓಡಿಸಬಹುದಾದ ಫೈಲ್‌ಗೆ ಎಕ್ಸ್‌ಟೆನ್ಶನ್ ಇದ್ದಾಗ ಇಎಕ್ಸ್‌ನ ಬಣ್ಣ ಬರುತ್ತದಾ? ಗುರಿ ಇಲ್ಲದ ಲಿಂಕ್‌ಗೆ ಓಆರ್ ಬಣ್ಣ ಬರುತ್ತದಾ? ಎರಡಕ್ಕೂ ಹೌದು ಅಂದರೆ ಅದನ್ನು ತಗೊಳ್ಳಿ. ಇಲ್ಲವಾದರೆ ನೀವೇ ಬರೆಯಿರಿ, ನೂರು ಸಾಲಿನ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಅದನ್ನು ಟೂಲ್‌ನ ಒಳಗೆ ಹುದುಗಿಸದೆ ಬೇರೆ ಮಾಡ್ಯೂಲ್ ಆಗಿ ಇಡಿ. ಎರಡೇ ಭಾಗ: ವೇರಿಯಬಲ್ ಓದಿ ಕೋಷ್ಟಕ ಮಾಡುವ ಭಾಗ, ಫೈಲ್ ನೋಡಿ ಕೋಡ್ ಕೊಡುವ ಭಾಗ. ಪರದೆಗೆ ಬರೆಯುವ ಕೆಲಸ ಅದರೊಳಗೆ ಬೇಡ.

ಓದುವ ಭಾಗದಲ್ಲಿ ಒಂದು ಕಡೆ ಮಾತ್ರ ನಾನು ಎಲ್‌ಎಸ್‌ನ ದಾರಿ ಹಿಡಿಯೋದಿಲ್ಲ. ವೇರಿಯಬಲ್‌ನ ರಚನೆ ಒಂದು ಕಡೆ ತಪ್ಪಿದ್ದರೂ ಗ್ನೂ ಎಲ್‌ಎಸ್ ಒಂದು ಎಚ್ಚರಿಕೆ ಬರೆದು ಬಣ್ಣವನ್ನೇ ಪೂರ್ತಿ ನಿಲ್ಲಿಸಿಬಿಡುತ್ತದೆ. ಯಾರೋ ಒಂದು ಸಮ ಚಿಹ್ನೆ ಮರೆತದ್ದಕ್ಕೆ ಇಡೀ ಪಟ್ಟಿ ಬಣ್ಣ ಕಳೆದುಕೊಳ್ಳೋದು ನನಗೆ ಸರಿ ಅನ್ನಿಸೋದಿಲ್ಲ. ತಪ್ಪಿದ ತುಂಡನ್ನು ಬಿಟ್ಟು ಉಳಿದದ್ದನ್ನು ಬಳಸಿ. ಬಲಗಡೆಯಲ್ಲಿ ಅಂಕಿ ಮತ್ತು ಸೆಮಿಕೋಲನ್ ಬಿಟ್ಟು ಬೇರೇನಾದರೂ ಇದ್ದರೆ ಅದನ್ನೂ ಬಿಡಿ. ಎಲ್‌ಎನ್‌ನ ಟಾರ್ಗೆಟ್ ಮಾತ್ರ ಇದಕ್ಕೆ ಹೊರತು.

ವೇರಿಯಬಲ್ ಇಲ್ಲದಾಗ ಬಳಸುವ ಬಣ್ಣಗಳನ್ನು ಆರಿಸುವಾಗ ಮೂಲ 16 ಬಣ್ಣಗಳಲ್ಲೇ ಇರಿ. ಆ 16ಕ್ಕೆ ನಿಜವಾದ ಬಣ್ಣ ಕೊಡೋದು ಬಳಕೆದಾರರ ಟರ್ಮಿನಲ್ ಥೀಮ್. ಬಿಳಿ ಹಿನ್ನೆಲೆ ಇಟ್ಟುಕೊಂಡವರಿಗೆ ಅವರ ಥೀಮ್ ಅದಕ್ಕೆ ಹೊಂದುವ ಹಳದಿಯನ್ನೇ ಕೊಟ್ಟಿರುತ್ತದೆ. ನೀವು ನೇರ ಪ್ರಮಾಣದಲ್ಲಿ ಒಂದು ತಿಳಿ ಹಳದಿ ಬರೆದಿಟ್ಟರೆ ಅವರಿಗೆ ಆ ಹೆಸರು ಕಾಣೋದೇ ಇಲ್ಲ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಗುರುತಿಸಲು ಕಷ್ಟ ಇರುವವರೂ ಬಹಳ ಜನ ಇದ್ದಾರೆ. ಬಣ್ಣ ಒಂದನ್ನೇ ನೆಚ್ಚಬೇಡಿ. ಎಲ್‌ಎಸ್‌ಗೆ ಮೈನಸ್ ದೊಡ್ಡ ಎಫ್ ಕೊಟ್ಟಾಗ ಡೈರೆಕ್ಟರಿಯ ಕೊನೆಗೆ ಸ್ಲ್ಯಾಶ್, ಓಡಿಸುವ ಫೈಲ್‌ಗೆ ನಕ್ಷತ್ರ, ಲಿಂಕ್‌ಗೆ @ ಬರುತ್ತದಲ್ಲ, ಆ ಆಯ್ಕೆ ನಿಮ್ಮಲ್ಲೂ ಇರಲಿ.

ಕೊನೆಗೆ, ಬರೆದಾದ ಮೇಲೆ ಹೀಗೆ ಪರೀಕ್ಷೆ ಮಾಡಿ. ಒಂದು ಖಾಲಿ ಫೋಲ್ಡರ್ ಮಾಡಿ ಅದರೊಳಗೆ ಒಂದೊಂದು ಬಗೆಯದ್ದನ್ನು ಇಡಿ: ಮಾಮೂಲಿ ಫೋಲ್ಡರ್, 777 ಅನುಮತಿಯ ಫೋಲ್ಡರ್, ಅದೇ ಅನುಮತಿಗೆ ಸ್ಟಿಕಿ ಬಿಟ್ (ಒಬ್ಬರ ಫೈಲ್ ಅನ್ನು ಇನ್ನೊಬ್ಬರು ಅಳಿಸದಂತೆ ತಡೆಯುವ ಗುರುತು) ಸೇರಿಸಿದ ಫೋಲ್ಡರ್, ಫೋಲ್ಡರ್‌ಗೆ ತೋರಿಸುವ ಲಿಂಕ್, ಎಲ್ಲಿಗೂ ತೋರಿಸದ ಲಿಂಕ್, ಓಡಿಸುವ ಅನುಮತಿ ಇರುವ ಟಾರ್ ಫೈಲ್, ಅನುಮತಿ ಇಲ್ಲದ ಟಾರ್ ಫೈಲ್, ಒಂದು ಪೈಪ್, ಕನ್ನಡ ಹೆಸರಿನ ಒಂದು ಫೈಲ್, ಹೆಸರಿನಲ್ಲಿ ಹೊಸ ಸಾಲು ಇರುವ ಒಂದು ಫೈಲ್. ಎಲ್‌ಎಸ್ ಅನ್ನು ಬಣ್ಣ ಯಾವಾಗಲೂ ಇರುವ ಹಾಗೆ ಓಡಿಸಿ, ಕ್ಯಾಟ್ ಮೈನಸ್ ವಿ ಮೂಲಕ ಒಂದು ಫೈಲ್‌ಗೆ ಹಾಕಿ. ನಿಮ್ಮ ಟೂಲ್ ಅನ್ನೂ ಹಾಗೇ ಇನ್ನೊಂದು ಫೈಲ್‌ಗೆ ಹಾಕಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಲ್‌ಎಸ್ ಮೊದಲ ಬಣ್ಣಕ್ಕೆ ಮುಂಚೆ ಒಂದು ಸಲ ಜಾಸ್ತಿ 0 ಕಳಿಸುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆ ಯಾವ ಹೆಸರಿನ ಮುಂದೆಯಾದರೂ ಸಂಖ್ಯೆ ಬದಲಾಗಿದ್ದರೆ, ಮೇಲೆ ಹೇಳಿದ ಪ್ರಶ್ನೆಗಳ ಕ್ರಮದಲ್ಲಿ ಎಲ್ಲೋ ಒಂದು ಹಿಂದೆ ಮುಂದೆ ಆಗಿದೆ. ಆ ಸಾಲನ್ನು ಹಾಗೇ ನಕಲು ಮಾಡಿ ಕಳಿಸಿ, ನೋಡಿ ಹೇಳುತ್ತೇನೆ.